ದರ್ಜಿಯ ಮಗ ಫೊರಿಯರ್ ಮತ್ತು ಕ್ಯಾಸಿಯೋ ಕೀಬೋರ್ಡ್

ಎಂ-3ಯಲ್ಲಿ ಫೊರಿಯರ್ ಸೀರೀಸ್ ಬಂದಾಗ ನಮ್ಮಲ್ಲಿ ಹೆಚ್ಚಿನವರು ಎ ನಾಟ್, ಎ ಎನ್, ಬಿ ಎನ್ ಫಾರ್ಮುಲಾ ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸ್ತೀವಿ. ಆ ಹೆಸರಿನ ಮನುಷ್ಯನ ಕಥೆ ಮಾತ್ರ ಸಿಲಬಸ್‌ನಲ್ಲಿ ಇಲ್ಲ.

ಜೋಸೆಫ್ ಫೊರಿಯರ್ ಹುಟ್ಟಿದ್ದು 1768ರಲ್ಲಿ, ಫ್ರಾನ್ಸಿನ ಓಸೇರ್ ಅನ್ನೋ ಊರಲ್ಲಿ. ಅಪ್ಪ ದರ್ಜಿ. ಚಿಕ್ಕ ವಯಸ್ಸಲ್ಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ. ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ 1794ರಲ್ಲಿ ಜೈಲಿಗೂ ಹೋಗಿ ಬಂದ. 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟ್‌ಗೆ ಹೋದ. ವಾಪಸ್ ಬಂದ ಮೇಲೆ ಗ್ರೆನೋಬಲ್‌ನಲ್ಲಿ ಪ್ರಿಫೆಕ್ಟ್ ಆದ, ಅಂದ್ರೆ ಹೆಚ್ಚುಕಮ್ಮಿ ನಮ್ಮ ಡೀಸಿ ಇದ್ದ ಹಾಗೆ. ಜವುಗು ಭೂಮಿ ಒಣಗಿಸೋದು, ರಸ್ತೆ ಹಾಕಿಸೋದು, ಇದರ ಮಧ್ಯೆಯೇ ಲೋಹದಲ್ಲಿ ಶಾಖ ಹೇಗೆ ಹರಿಯುತ್ತೆ ಅಂತ ಪ್ರಯೋಗ ಮಾಡ್ತಿದ್ದ.

1807ರಲ್ಲಿ ಅದರ ಬಗ್ಗೆ ಪ್ಯಾರಿಸ್‌ನ ವಿದ್ವಾಂಸರಿಗೆ ಪ್ರಬಂಧ ಒಪ್ಪಿಸಿದ. ಎಂಥ ಆಕಾರವನ್ನಾದರೂ ಸೈನ್, ಕೊಸೈನ್ ಅಲೆಗಳನ್ನು ಕೂಡಿಸಿ ಕಟ್ಟಬಹುದು, ಚೂಪು ಮೂಲೆ ಇದ್ದರೂ ಸರಿ ಅನ್ನೋದು ಅವನ ವಾದ. ದೊಡ್ಡ ಗಣಿತಜ್ಞ ಲಗ್ರಾಂಜ್ ಒಪ್ಪಲಿಲ್ಲ. ಪ್ರಬಂಧ ಅಚ್ಚಾಗಲಿಲ್ಲ. ನುಣುಪಾದ ಅಲೆಗಳಿಂದ ಮೂಲೆ ಎಲ್ಲಿಂದ ಬರುತ್ತೆ ಅನ್ನೋ ಅನುಮಾನ ನಮಗೂ ಬರುವಂಥದ್ದೇ.

ಫೊರಿಯರ್ ಹೇಳಿದ್ದನ್ನು ಕಿವಿಯಿಂದ ಕೇಳಬೇಕಂದ್ರೆ 1984ರ ಕ್ಯಾಸಿಯೋ ಸಿಝಡ್-101 ಸಿಂಥಸೈಜರ್ ಇದೆ. ಅದರೊಳಗೆ ಕೊಸೈನ್ ಅಲೆಯ ಒಂದು ಸುತ್ತು ಅಂಕಿಗಳ ಟೇಬಲ್ ಆಗಿ ಕೂತಿರುತ್ತೆ. ಒಂದೇ ವೇಗದಲ್ಲಿ ಓದಿದ್ರೆ ಶಿಳ್ಳೆ ಥರ ಸಪ್ಪೆ ಸ್ವರ. ಮೊದಲ ಅರ್ಧವನ್ನು ಸರಸರ ಓದಿ ಉಳಿದರ್ಧವನ್ನು ನಿಧಾನಕ್ಕೆ ಓದಿದ್ರೆ? ಸುತ್ತಿಗೆ ಹಿಡಿಯೋ ಒಟ್ಟು ಸಮಯ ಅಷ್ಟೇ, ಹಾಗಾಗಿ ಶ್ರುತಿ ಬದಲಾಗಲ್ಲ. ಅಲೆ ಮಾತ್ರ ಒಂದು ಕಡೆ ವಾಲಿ ಗರಗಸದ ಹಲ್ಲಿನ ಹಾಗಾಗುತ್ತೆ. ಫೊರಿಯರ್ ಲೆಕ್ಕದಲ್ಲಿ ನೋಡಿದ್ರೆ 100 ಹರ್ಟ್ಸ್ ಸ್ವರದೊಳಗೆ 200, 300, 400 ಹರ್ಟ್ಸ್‌ನ ಹಾರ್ಮೋನಿಕ್ಸ್ ಬಂದು ಸೇರಿವೆ. ಸಪ್ಪೆ ಸ್ವರ ಈಗ ಕಹಳೆ ಥರ ಮೊಳಗುತ್ತೆ. ಕೀ ಒತ್ತಿದ ತಕ್ಷಣ ಜಾಸ್ತಿ ತಿರುಚಿ, ಮೆಲ್ಲಗೆ ಕಮ್ಮಿ ಮಾಡ್ತಾ ಬಂದ್ರೆ ತಂತಿ ಮೀಟಿದ ಹಾಗೆ ಮೊದಲು ಚುರುಕು, ಆಮೇಲೆ ಮೆದು. ಇದಕ್ಕೆ ಬೇರೆ ಫಿಲ್ಟರ್ ಸರ್ಕ್ಯೂಟೇ ಬೇಡ. (ನನಗಂತೂ ಎಂ-3ಯ ಎಲ್ಲ ಲೆಕ್ಕಕ್ಕಿಂತ ಇದೊಂದು ಟ್ರಿಕ್ ಇಷ್ಟ.)

ತಂತಿಯ ಕಂಪನದ ಬಗ್ಗೆ ಇಂಥ ಮಾತನ್ನು ಡೇನಿಯಲ್ ಬರ್ನೂಲಿ ಮೊದಲೇ ಆಡಿದ್ದ, ನಿಜ. ಎಲ್ಲ ಆಕಾರಕ್ಕೂ ಇದು ನಡೆಯುತ್ತೆ, ಯಾವ ಅಲೆ ಎಷ್ಟು ಅಂತ ಲೆಕ್ಕ ಹಾಕಿಯೇ ತೋರಿಸ್ತೀನಿ ಅಂತ ಹಠ ಹಿಡಿದವನು ಫೊರಿಯರ್. 1812ರಲ್ಲಿ ಅವನಿಗೆ ಬಹುಮಾನ ಕೊಟ್ಟವರು ಕೂಡ ಗಣಿತ ಬಿಗಿಯಾಗಿಲ್ಲ ಅಂತ ಕೊಂಕು ತೆಗೆದರು. ಪುಸ್ತಕ ಹೊರಬಂದದ್ದು 1822ರಲ್ಲಿ, ಮೊದಲ ಪ್ರಬಂಧದ 15 ವರ್ಷದ ನಂತರ.

ಕೊಂಕಿನಲ್ಲಿ ಹುರುಳಿತ್ತು. ಸರಣಿ ಯಾವಾಗ ಸರಿಯಾಗಿ ಸೇರುತ್ತೆ ಅಂತ ಗಟ್ಟಿ ಪುರಾವೆ ಕೊಟ್ಟವನು ಡಿರಿಶ್ಲೆ, ಪ್ಯಾರಿಸ್‌ನಲ್ಲಿ ಫೊರಿಯರ್ ಬೆನ್ನು ತಟ್ಟಿದ್ದ ಹುಡುಗ. ನಾವು ಎರಡು ಮಾರ್ಕಿಗೆ ಬರೆಯೋ ಡಿರಿಶ್ಲೆ ಕಂಡಿಶನ್ಸ್ ಅವನದೇ. ಆ ಪುರಾವೆ 1829ರಲ್ಲಿ ಅಚ್ಚಾಯ್ತು. ಮರುವರ್ಷ ಮೇ 16ರಂದು ಫೊರಿಯರ್ ತೀರಿಕೊಂಡ.