ಕುಳಿತಲ್ಲೇ ಗ್ರಾಮರ್ ಬರೆದ ಲಿಂಡ್ಲಿ ಮರ್ರೇ

ಇಂಗ್ಲಿಷ್ ಪಿರಿಯಡ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಹೊಟ್ಟೆನೋವು ಶುರುವಾಗುತ್ತದೆ. ಸಬ್ಜೆಕ್ಟ್, ವರ್ಬ್, ಆಬ್ಜೆಕ್ಟ್ ಅಂತ ಬೋರ್ಡಿನ ಮೇಲೆ ಬರೆದಾಗ ಇದನ್ನೆಲ್ಲಾ ಯಾರಪ್ಪಾ ಮಾಡಿದ್ದು ಅಂತ ಬೈಯುವವರೂ ಇದ್ದಾರೆ. ಒಬ್ಬರೇ ಮಾಡಿದ್ದಲ್ಲ. ಆದರೆ ಶಾಲೆ ಮಕ್ಕಳಿಗೆ ತಿಳಿಯುವ ಹಾಗೆ ಅದನ್ನು ಜೋಡಿಸಿದವರಲ್ಲಿ ಬಹಳ ಹೆಸರಾದವರು ಲಿಂಡ್ಲಿ ಮರ್ರೇ. ಅವರ ಜೀವನವನ್ನು ನಾನು ಇಲ್ಲಿ ಬರೆದಿದ್ದೇನೆ.

ಮರ್ರೇ 1745ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದರು. ತಂದೆ ಮೊದಲು ಹಿಟ್ಟಿನ ಗಿರಣಿ ನಡೆಸುತ್ತಿದ್ದರು, ಆಮೇಲೆ ನ್ಯೂಯಾರ್ಕಿನಲ್ಲಿ ದೊಡ್ಡ ವ್ಯಾಪಾರಿಯಾದರು. ಮಗನೂ ವ್ಯಾಪಾರವೇ ಮಾಡಬೇಕೆಂದು ಅವರ ಹಠ. ಹುಡುಗನಿಗೆ ಓದಿನ ಆಸೆ. ಒಂದು ಸಲ ತಂದೆ ಜೋರಾಗಿ ಶಿಕ್ಷೆ ಕೊಟ್ಟಿದ್ದಕ್ಕೆ, ತನ್ನ ಪುಸ್ತಕಗಳನ್ನು ಎತ್ತಿಕೊಂಡು ಮನೆ ಬಿಟ್ಟು ಓಡಿಯೇ ಹೋದ! ಎಲ್ಲಿಗೆ ಗೊತ್ತಾ? ಬರ್ಲಿಂಗ್ಟನ್ ಎಂಬ ಊರಿನ ವಸತಿ ಶಾಲೆಗೆ. (ನಾವು ಓಡಿಹೋದರೆ ಶಾಲೆಗಂತೂ ಹೋಗಲ್ಲ.)

ಮನೆಯವರು ಪತ್ತೆ ಮಾಡಿ ಕರೆತಂದು, ಮನೆಗೇ ಮೇಷ್ಟ್ರನ್ನು ಇಟ್ಟರು. ಆದರೂ ತಂದೆಗೆ ವ್ಯಾಪಾರದ ಹುಚ್ಚು ಬಿಡಲಿಲ್ಲ. ಆಗ ಹುಡುಗ ತನಗೆ ಓದಿನ ಕೆಲಸವೇ ಯಾಕೆ ಬೇಕು ಎಂದು ಕಾರಣಗಳನ್ನೆಲ್ಲಾ ಕಾಗದದ ಮೇಲೆ ಬರೆದ. ತಂದೆಯ ವಕೀಲರು ಅದನ್ನು ನೋಡಿ, ಇವನು ಕಾನೂನು ಓದಲಿ ಎಂದು ತಂದೆಗೇ ಬುದ್ಧಿ ಹೇಳಿದರು. ಓಡಿಹೋಗಿ ಆಗದ ಕೆಲಸ ಬರೆದಿದ್ದರಿಂದ ಆಯಿತು. ಏಳನೇ ಕ್ಲಾಸಿನ ಮೇಲೆ ಓದಿಸಬೇಕೋ ಬೇಡವೋ ಅಂತ ಮನೆಯಲ್ಲಿ ಮಾತು ನಡೀತಿರೋರು ನಮ್ಮಲ್ಲೂ ಇದ್ದಾರೆ. ಅದಕ್ಕೇ ಈ ಸಂಗತಿಯನ್ನು ಉದ್ದ ಬರೆದೆ.

ಮರ್ರೇ ವಕೀಲರಾದರು, ವ್ಯಾಪಾರದಲ್ಲೂ ಹಣ ಗಳಿಸಿದರು. ಆಮೇಲೆ ಕಾಯಿಲೆ ಬಂತು. ಮೈಯ ಶಕ್ತಿ ಕುಂದಿ ನಡೆಯುವುದೇ ಕಷ್ಟವಾಯಿತು. ಹವೆ ಬದಲಾದರೆ ಗುಣವಾದೀತೆಂದು 1784ರಲ್ಲಿ ಹೆಂಡತಿ ಹ್ಯಾನಾ ಜೊತೆ ಇಂಗ್ಲೆಂಡಿಗೆ ಹೋಗಿ, ಯಾರ್ಕ್ ಪಟ್ಟಣದ ಹತ್ತಿರ ಹೋಲ್ಗೇಟ್ ಎಂಬಲ್ಲಿ ನೆಲೆಸಿದರು. ಗುಣವಾಗಲಿಲ್ಲ.

ಯಾರ್ಕಿನಲ್ಲಿ ಕ್ವೇಕರ್ ಪಂಗಡದವರ ಒಂದು ಹೆಣ್ಣುಮಕ್ಕಳ ಶಾಲೆ ಇತ್ತು. ಅಲ್ಲಿನ ಶಿಕ್ಷಕಿಯರು ನಮ್ಮ ಮಕ್ಕಳಿಗೆ ಒಂದು ಸುಲಭವಾದ ವ್ಯಾಕರಣ ಬರೆದುಕೊಡಿ ಎಂದು ಮರ್ರೇ ಅವರನ್ನು ಕೇಳಿಕೊಂಡರು. 1795ರಲ್ಲಿ ಪುಸ್ತಕ ಬಂತು. ಮುಖ್ಯ ನಿಯಮ ದೊಡ್ಡ ಅಕ್ಷರದಲ್ಲಿ, ವಿವರಣೆ ಸಣ್ಣ ಅಕ್ಷರದಲ್ಲಿ. ರಾಬರ್ಟ್ ಲೌತ್ ಮುಂತಾದ ಹಿಂದಿನ ಪಂಡಿತರಿಂದ ಬಹಳಷ್ಟು ತೆಗೆದುಕೊಂಡು ಜೋಡಿಸಿದ್ದರು.

ವಾಕ್ಯದಲ್ಲಿ ಮುಖ್ಯವಾಗಿ ಮೂರು ಭಾಗ ಎಂದು ಅದರಲ್ಲಿದೆ. ಮಾಡುವವರು ಮೊದಲು, ಕೆಲಸ ನಡುವೆ, ಆ ಕೆಲಸ ಯಾರ ಮೇಲೆ ನಡೆಯಿತೋ ಅದು ಕೊನೆಗೆ. ಕನ್ನಡದಲ್ಲಿ ನಾಯಿ ಬೆಕ್ಕನ್ನು ಕಚ್ಚಿತು ಅನ್ನಿ, ಬೆಕ್ಕನ್ನು ನಾಯಿ ಕಚ್ಚಿತು ಅನ್ನಿ, ಕಚ್ಚಿಸಿಕೊಂಡದ್ದು ಬೆಕ್ಕೇ. ಯಾಕಂದ್ರೆ ಅನ್ನು ಪ್ರತ್ಯಯ ಬೆಕ್ಕಿಗೆ ಅಂಟಿಕೊಂಡಿದೆ. ಇಂಗ್ಲಿಷಿನಲ್ಲಿ ಅನ್ನು ಇಲ್ಲ. ದ ಡಾಗ್ ಬಿಟ್ ದ ಕ್ಯಾಟ್ ಅನ್ನೋದನ್ನ ತಿರುಗಿಸಿ ದ ಕ್ಯಾಟ್ ಬಿಟ್ ದ ಡಾಗ್ ಅಂದ್ರೆ ಬೆಕ್ಕೇ ನಾಯಿಯನ್ನು ಕಚ್ಚಿಬಿಡುತ್ತೆ! ಅಲ್ಲಿ ಪ್ರತ್ಯಯದ ಕೆಲಸವನ್ನು ಜಾಗವೇ ಮಾಡುತ್ತದೆ. ಇನ್ನು ಅವರ ಮೊದಲನೇ ನಿಯಮ ನಮಗೆ ಹೊಸದೇ ಅಲ್ಲ. ಕರ್ತೃ ಏಕವಚನವಾದರೆ ಕ್ರಿಯಾಪದವೂ ಏಕವಚನ. ಹುಡುಗ ಬಂದನು, ಹುಡುಗರು ಬಂದರು ಅಂತೀವಲ್ಲ, ಹಂಗೇ.

ಒಂದು ಶಾಲೆಗೆಂದು ಬರೆದ ಆ ವ್ಯಾಕರಣ ಇಂಗ್ಲೆಂಡ್, ಅಮೆರಿಕ ಎಲ್ಲಾ ಕಡೆ ಲಕ್ಷಗಟ್ಟಲೆ ಪ್ರತಿ ಹೋಯಿತು. 1797ರಲ್ಲಿ ಅಭ್ಯಾಸ ಪುಸ್ತಕವನ್ನೂ, ಚಿಕ್ಕ ಮಕ್ಕಳಿಗೆ ಸಂಕ್ಷಿಪ್ತ ವ್ಯಾಕರಣವನ್ನೂ ಬರೆದರು. ಪುಸ್ತಕದಿಂದ ಬಂದ ಹಣವನ್ನು ತಾವು ಇಟ್ಟುಕೊಳ್ಳದೆ ದಾನ ಮಾಡಿದರು. ಕೊನೆಯ 16 ವರ್ಷ ಮನೆಯಿಂದ ಹೊರಗೆ ಹೋಗಲೇ ಆಗಲಿಲ್ಲ. 1826ರ ಫೆಬ್ರವರಿ 16ರಂದು ತೀರಿಕೊಂಡರು. ಅಮೆರಿಕದಲ್ಲಿ ಆಗ ಕಪ್ಪು ಜನರನ್ನು ಗುಲಾಮರಾಗಿ ಮಾರುತ್ತಿದ್ದರು. ಹೆಂಡತಿಯ ಕಾಲದ ನಂತರ ಉಳಿದ ಆಸ್ತಿಯನ್ನು ಅವರ ಬಿಡುಗಡೆಗೂ ಒಳ್ಳೆಯ ಪುಸ್ತಕ ಹಂಚುವುದಕ್ಕೂ ಉಪಯೋಗಿಸಬೇಕೆಂದು ಮರ್ರೇ ಉಯಿಲು ಬರೆದಿಟ್ಟಿದ್ದರು.