180 ಕಿಲೋಮೀಟರ್ ಬಾಕಿ ಇರುವಾಗ ಹಿಂತಿರುಗಿದವರು

ಭೂಮಿಯ ಎರಡು ಧ್ರುವ ಪ್ರದೇಶಗಳನ್ನು ಕಾಪಾಡಲು ದುಡಿಯುವವರಿಗಾಗಿ ಈಚಿನ ವರ್ಷಗಳಲ್ಲಿ ಬ್ರಿಟನ್‌ನಲ್ಲಿ ಒಂದು ಪದಕ ಆರಂಭವಾಗಿದೆ. ಅದರ ಹೆಸರು ಶ್ಯಾಕಲ್ಟನ್ ಪದಕ. ಸರ್ ಅರ್ನೆಸ್ಟ್ ಶ್ಯಾಕಲ್ಟನ್ ತೀರಿಕೊಂಡು ನೂರು ವರ್ಷ ದಾಟಿದೆ. ಅವರ ಜೀವನ ಓದುವಾಗ ಕಾಮರ್ಸ್ ವಿದ್ಯಾರ್ಥಿನಿಯಾದ ನನಗೆ ಒಂದು ಪ್ರಶ್ನೆ ಎದ್ದಿತು. ಲಾಭ-ನಷ್ಟದ ಖಾತೆ ಬರೆದರೆ ಇವರ ಬದುಕು ಪೂರ್ತಿ ನಷ್ಟ. ದಕ್ಷಿಣ ಧ್ರುವವನ್ನು ಮುಟ್ಟಲಿಲ್ಲ. ಕೈಹಾಕಿದ ವ್ಯಾಪಾರಗಳು ಕೈಗೂಡಲಿಲ್ಲ. ಸಾಯುವಾಗ ಸುಮಾರು 40,000 ಪೌಂಡ್ ಸಾಲ ಬಿಟ್ಟುಹೋದರು. ಹಾಗಾದರೆ ಪದಕಕ್ಕೆ ಇವರ ಹೆಸರೇ ಏಕೆ?

ಶ್ಯಾಕಲ್ಟನ್ ಹುಟ್ಟಿದ್ದು 1874ರ ಫೆಬ್ರವರಿ 15ರಂದು, ಐರ್ಲೆಂಡಿನ ಕಿಲ್ಕೀ ಎಂಬ ಹಳ್ಳಿಯಲ್ಲಿ. ತಂದೆ ಬೇಸಾಯ ಬಿಟ್ಟು ವೈದ್ಯಕೀಯ ಓದಿ ಡಾಕ್ಟರಾದರು, ಕುಟುಂಬ ಲಂಡನ್ನಿಗೆ ಬಂತು. ಮಗನೂ ಡಾಕ್ಟರಾಗಲಿ ಎಂದು ತಂದೆಗೆ ಆಸೆ. ಆದರೆ ಹುಡುಗನ ಮನಸ್ಸು ಸಮುದ್ರದ ಮೇಲಿತ್ತು. ನಮಗಿಂತ ಒಂದು ವರ್ಷ ಚಿಕ್ಕವರಾಗಿದ್ದಾಗಲೇ, ಅಂದರೆ ಹದಿನಾರನೇ ವಯಸ್ಸಿಗೇ, ಶಾಲೆ ಬಿಟ್ಟು ಸರಕು ಹಡಗಿಗೆ ಸೇರಿದರು.

1901ರಲ್ಲಿ ಕ್ಯಾಪ್ಟನ್ ಸ್ಕಾಟ್ ಅವರ ತಂಡದ ಜೊತೆ ಮೊದಲ ಬಾರಿ ಅಂಟಾರ್ಕ್ಟಿಕಾಕ್ಕೆ ಹೋದರು. ಅಲ್ಲಿ ಸ್ಕರ್ವಿ ರೋಗ ಬಂದು ಆರೋಗ್ಯ ಕೆಟ್ಟಿತು. ಸ್ಕಾಟ್ ಅವರನ್ನು 1903ರಲ್ಲಿ ಊರಿಗೆ ಕಳುಹಿಸಿಬಿಟ್ಟರು. ಈ ಅವಮಾನ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಸಾಲ ಮಾಡಿ, ಸಿರಿವಂತರ ಬಾಗಿಲು ತಟ್ಟಿ, 1907ರಲ್ಲಿ ನಿಮ್ರೋಡ್ ಎಂಬ ಹಡಗಿನಲ್ಲಿ ತಮ್ಮದೇ ತಂಡ ಕಟ್ಟಿಕೊಂಡು ಹೊರಟರು.

1909ರ ಜನವರಿ 9ರಂದು ಶ್ಯಾಕಲ್ಟನ್ ಮತ್ತು ಮೂವರು ಸಂಗಡಿಗರು ಅಲ್ಲಿಯವರೆಗೆ ಯಾರೂ ಹೋಗದಷ್ಟು ದಕ್ಷಿಣಕ್ಕೆ ತಲುಪಿದ್ದರು. ಧ್ರುವಕ್ಕೆ ಇನ್ನು ಸುಮಾರು 180 ಕಿಲೋಮೀಟರ್ ಮಾತ್ರ ಬಾಕಿ. ಹೋಗಬಹುದಿತ್ತು, ಆದರೆ ಬರುವ ದಾರಿಗೆ ಊಟ ಸಾಲುತ್ತಿರಲಿಲ್ಲ. ಅವರು ಅಲ್ಲಿಂದಲೇ ಹಿಂತಿರುಗಿದರು. ವಾಪಸು ಬರುವಾಗ ಫ್ರಾಂಕ್ ವೈಲ್ಡ್ ಎಂಬ ಸಂಗಡಿಗ ಹಸಿವಿನಿಂದ ಕುಸಿದಿದ್ದರು. ತಮ್ಮ ಪಾಲಿಗೆ ಬಂದಿದ್ದ ಒಂದೇ ಒಂದು ಬಿಸ್ಕತ್ತನ್ನು ಶ್ಯಾಕಲ್ಟನ್ ಒತ್ತಾಯ ಮಾಡಿ ಅವರಿಗೆ ಕೊಟ್ಟರು. ನಾಲ್ವರೂ ಜೀವಂತ ಮರಳಿದರು. ರಾಜರು ಸರ್ ಪದವಿ ಕೊಟ್ಟರು, ಸಾಲ ತೀರಿಸಲು ಸರ್ಕಾರ 20,000 ಪೌಂಡ್ ಕೊಟ್ಟಿತು.

ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ದೂರ ಇಡುವುದು. ನಮ್ಮ ಮನೆಗಳಲ್ಲಿ ಆಡುವ ಉರ್ದುವಿನಲ್ಲಿ ಅಮಾನತ್ ಎಂದರೆ ಬೇರೆಯವರು ನಂಬಿ ನಮ್ಮ ಕೈಗೆ ಕೊಟ್ಟದ್ದು, ಕೆಡದಂತೆ ಹಿಂದಿರುಗಿಸಬೇಕಾದದ್ದು. ಆ ಮೂವರ ಪ್ರಾಣ ಶ್ಯಾಕಲ್ಟನ್ ಕೈಯಲ್ಲಿದ್ದ ಅಮಾನತ್ ಎಂದೇ ನನಗೆ ತೋರಿತು.

1911ರಲ್ಲಿ ನಾರ್ವೆಯ ಅಮುಂಡ್ಸೆನ್ ಧ್ರುವ ತಲುಪಿದರು. ಆಗ ಶ್ಯಾಕಲ್ಟನ್ ಅಂಟಾರ್ಕ್ಟಿಕಾ ಖಂಡವನ್ನು ಈ ದಡದಿಂದ ಆ ದಡಕ್ಕೆ ದಾಟುವ ಯೋಜನೆ ಹಾಕಿ 1914ರಲ್ಲಿ ಎಂಡ್ಯೂರೆನ್ಸ್ ಎಂಬ ಹಡಗಿನಲ್ಲಿ ಹೊರಟರು. ಹಡಗಿನಲ್ಲಿ 28 ಜನ. 1915ರ ಜನವರಿಯಲ್ಲಿ ಹಡಗು ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡಿತು. ಹತ್ತು ತಿಂಗಳ ಕಾಲ ಮಂಜುಗಡ್ಡೆ ಅದನ್ನು ಹಿಂಡಿತು. ನವೆಂಬರ್ 21ರಂದು ಹಡಗು ಮುಳುಗಿತು. ಅಷ್ಟರಲ್ಲಿ ಎಲ್ಲರೂ ಇಳಿದು ಮಂಜುಗಡ್ಡೆಯ ಮೇಲೆ ಡೇರೆ ಹಾಕಿದ್ದರು.

1916ರ ಏಪ್ರಿಲ್‌ನಲ್ಲಿ ಮೂರು ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ಮುಟ್ಟಿದರು. ಅದು ಯಾವ ಹಡಗೂ ಬಾರದ ಜಾಗ. ಆದ್ದರಿಂದ ಶ್ಯಾಕಲ್ಟನ್ ಐದು ಜನರೊಂದಿಗೆ ಏಳು ಮೀಟರಿನಷ್ಟು ಉದ್ದದ ಒಂದು ದೋಣಿಯಲ್ಲಿ ಸೌತ್ ಜಾರ್ಜಿಯಾ ದ್ವೀಪಕ್ಕೆ ಹೊರಟರು. ದೂರ 1,300 ಕಿಲೋಮೀಟರಿಗೂ ಹೆಚ್ಚು, ಅಲೆಗಳು ಬೆಟ್ಟದಂಥವು. ಹದಿನಾರು ದಿನದ ಮೇಲೆ ದಡ ಸಿಕ್ಕಿತು, ಆದರೆ ಜನ ಇದ್ದದ್ದು ದ್ವೀಪದ ಆಚೆ ಬದಿಯಲ್ಲಿ. ನಕ್ಷೆಯೇ ಇಲ್ಲದ ಹಿಮಪರ್ವತಗಳನ್ನು ಇಬ್ಬರು ಸಂಗಡಿಗರೊಂದಿಗೆ 36 ಗಂಟೆಯಲ್ಲಿ ದಾಟಿ ತಿಮಿಂಗಿಲ ಬೇಟೆಗಾರರ ನೆಲೆ ತಲುಪಿದರು. ದ್ವೀಪದಲ್ಲಿ ಉಳಿದ 22 ಜನರನ್ನು ತರಲು ಮೂರು ಸಲ ಹೋಗಿ ಮಂಜುಗಡ್ಡೆಯಿಂದಾಗಿ ವಾಪಸಾದರು. ನಾಲ್ಕನೇ ಸಲ, 1916ರ ಆಗಸ್ಟ್ 30ರಂದು, ಚಿಲಿ ದೇಶದ ಯೆಲ್ಚೋ ಹಡಗಿನಲ್ಲಿ ಹೋಗಿ ಎಲ್ಲರನ್ನೂ ಕರೆತಂದರು. ಎಂಡ್ಯೂರೆನ್ಸ್‌ನ 28 ಜನರಲ್ಲಿ ಒಬ್ಬರೂ ಸಾಯಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ಸರಿಯಾಗುವುದಿಲ್ಲ. ಜಮೆ ಬರೆದ ಮೇಲೆ ಖರ್ಚನ್ನೂ ಬರೆಯಬೇಕು. ಖಂಡದ ಇನ್ನೊಂದು ಬದಿಯಿಂದ ದಾರಿಯುದ್ದಕ್ಕೂ ಆಹಾರ ಇಡಲು ಹೋಗಿದ್ದ ಅವರದೇ ಇನ್ನೊಂದು ತಂಡದಲ್ಲಿ ಮೂವರು ಸತ್ತರು. ಹಡಗು ಹೋದ ಮೇಲೆ ನಾಯಿಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಬಡಗಿ ಮ್ಯಾಕ್‌ನಿಶ್ ಸಾಕಿದ್ದ ಬೆಕ್ಕನ್ನೂ ಬಿಡಲಿಲ್ಲ.

ಈ ಮ್ಯಾಕ್‌ನಿಶ್ ಅವರ ಕಥೆ ನನ್ನನ್ನು ಬಹಳ ಕಾಡಿತು. ದೋಣಿಯ ಅಂಚನ್ನು ಎತ್ತರಿಸಿ, ಮೇಲೆ ಕ್ಯಾನ್ವಾಸ್ ಹೊದಿಸಿ, ಆ ಸಮುದ್ರ ದಾಟುವ ಹಾಗೆ ಮಾಡಿದ್ದು ಅವರ ಕೈ. ಪರ್ವತದಲ್ಲಿ ಜಾರದಂತೆ ಬೂಟಿನ ತಳಕ್ಕೆ ದೋಣಿಯ ಸ್ಕ್ರೂಗಳನ್ನು ಹಾಕಿಕೊಟ್ಟವರೂ ಅವರೇ. ಆದರೆ ಮಂಜುಗಡ್ಡೆಯ ಮೇಲೆ ಒಮ್ಮೆ ದೋಣಿ ಎಳೆಯುವುದಿಲ್ಲ ಎಂದು ಶ್ಯಾಕಲ್ಟನ್‌ಗೆ ಎದುರಾಡಿದ್ದರು. ಊರಿಗೆ ಬಂದ ಮೇಲೆ ತಂಡದವರಿಗೆ ಪೋಲಾರ್ ಪದಕ ಬಂತು. ಶ್ಯಾಕಲ್ಟನ್ ಶಿಫಾರಸು ಮಾಡದ ನಾಲ್ವರಿಗೆ ಸಿಗಲಿಲ್ಲ. ಅವರಲ್ಲಿ ಮ್ಯಾಕ್‌ನಿಶ್ ಒಬ್ಬರು. ಅವರು 1930ರಲ್ಲಿ ನ್ಯೂಜಿಲೆಂಡಿನಲ್ಲಿ ಬಡತನದಲ್ಲೇ ತೀರಿಕೊಂಡರು. ಸಂಗಡಿಗನಿಗೆ ಬಿಸ್ಕತ್ತು ಬಿಟ್ಟುಕೊಟ್ಟ ಮನುಷ್ಯ ಈ ಸಿಟ್ಟನ್ನು ಬಿಡಲಾರದೆ ಹೋದದ್ದು ನನಗೆ ಬೇಸರ ತಂದಿತು.

ಶ್ಯಾಕಲ್ಟನ್ ಕೊನೆಯ ಬಾರಿ ದಕ್ಷಿಣಕ್ಕೆ ಹೋದಾಗ, 1922ರ ಜನವರಿ 5ರಂದು, ಸೌತ್ ಜಾರ್ಜಿಯಾದಲ್ಲಿ ಹಡಗಿನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 47. ಪತ್ನಿ ಎಮಿಲಿಯವರ ಇಚ್ಛೆಯಂತೆ ಮಾರ್ಚ್ 5ರಂದು ಅಲ್ಲೇ, ತಿಮಿಂಗಿಲ ಬೇಟೆಯ ನೆಲೆಯಾಗಿದ್ದ ಗ್ರಿಟ್ವಿಕೆನ್‌ನಲ್ಲಿ ಮಣ್ಣು ಮಾಡಿದರು. ಆ ಒಂದು ದ್ವೀಪದಲ್ಲೇ ಅರವತ್ತು ವರ್ಷಗಳಲ್ಲಿ ಒಂದೂಮುಕ್ಕಾಲು ಲಕ್ಷದಷ್ಟು ತಿಮಿಂಗಿಲಗಳನ್ನು ಕೊಯ್ದರು. ಎಣ್ಣೆಯ ಲಾಭ ಕಂಡವರಿಗೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಕೊನೆಗೆ ತಿಮಿಂಗಿಲಗಳೇ ಸಿಗದಂತಾದಾಗ ನೆಲೆಗಳು ಮುಚ್ಚಿದವು.

ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಶ್ಯಾಕಲ್ಟನ್ ಪರಿಸರವಾದಿ ಆಗಿರಲಿಲ್ಲ, ಅವರ ಕಾಲದಲ್ಲಿ ಆ ಮಾತೇ ಇರಲಿಲ್ಲ. ಆದರೆ ಸಾಕು ಎಂದು ನಿಲ್ಲುವುದು ಅವರಿಗೆ ಗೊತ್ತಿತ್ತು. ಧ್ರುವ ಪ್ರದೇಶಕ್ಕೆ ಈಗ ಬೇಕಾಗಿರುವುದೂ ಅದೇ. 1959ರ ಅಂಟಾರ್ಕ್ಟಿಕ್ ಒಪ್ಪಂದ ಆ ಖಂಡವನ್ನು ಶಾಂತಿಗೂ ವಿಜ್ಞಾನಕ್ಕೂ ಮೀಸಲಿಟ್ಟಿತು. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಆದ ಒಪ್ಪಂದ ಅಲ್ಲಿ ಗಣಿಗಾರಿಕೆ ನಿಷೇಧಿಸಿತು. ನಮ್ಮ ದೇಶವೂ 1983ರಿಂದ ಅಂಟಾರ್ಕ್ಟಿಕ್ ಒಪ್ಪಂದದಲ್ಲಿದೆ. ಕೈಗೆಟುಕುವ ಲಾಭವನ್ನು ಬೇಡ ಎಂದು ಬಿಡುವುದೇ ಈ ಕಾಯಿದೆಗಳ ತಿರುಳು.

2022ರ ಮಾರ್ಚ್ 5ರಂದು, ಶ್ಯಾಕಲ್ಟನ್ ಅವರನ್ನು ಮಣ್ಣು ಮಾಡಿ ಸರಿಯಾಗಿ ನೂರು ವರ್ಷಕ್ಕೆ, 3,008 ಮೀಟರ್ ಆಳದಲ್ಲಿ ಎಂಡ್ಯೂರೆನ್ಸ್ ಪತ್ತೆಯಾಯಿತು. ಹಿಂಭಾಗದಲ್ಲಿ ಹಡಗಿನ ಹೆಸರು ಇನ್ನೂ ಓದುವಂತಿತ್ತು. ಆ ಅವಶೇಷಕ್ಕೆ ಒಪ್ಪಂದದ ರಕ್ಷಣೆ ಇದೆ. ಹುಡುಕಿದವರು ಚಿತ್ರ ತೆಗೆದುಕೊಂಡರು, ಒಂದು ಮೊಳೆಯನ್ನೂ ಮೇಲೆ ತರದೆ ಹಿಂತಿರುಗಿದರು.