ಕಣಗಿನಹಾಳದ ಸಿದ್ಧನಗೌಡರು

ಬಡವನನ್ನು ಕಂಡು ಮರುಗದ ಹೃದಯ ವಿರಳ. ಹಸಿದು ಬಂದವನಿಗೆ ಅನ್ನವಿಕ್ಕುವುದು ನಮ್ಮ ನಾಡಿನ ಹಳ್ಳಿಹಳ್ಳಿಯಲ್ಲಿ ನಡೆದುಬಂದ ಧರ್ಮ. ಆದರೆ ವಿಚಾರಶೀಲರನ್ನು ಕಾಡುವ ಪ್ರಶ್ನೆಯೊಂದುಂಟು. ಸೋಮಾರಿಯು ಬಡವನಾದರೆ ಕಾರಣವನ್ನು ಹುಡುಕಬೇಕಾಗಿಲ್ಲ. ಬೆಳಗಿನಿಂದ ಬೈಗಿನವರೆಗೆ ಬೆವರು ಸುರಿಸುವವನು, ತನ್ನದೆಂಬ ಹೊಲವುಳ್ಳವನು, ತಲೆಮಾರುಗಳಿಂದ ಬಡವನಾಗಿಯೇ ಉಳಿಯುವುದೇಕೆ? ಕಾಯಕದ ಹಿರಿಮೆಯನ್ನು ಶರಣರು ಸಾರಿದ ನಾಡಿನಲ್ಲಿ ಕಾಯಕನಿರತನೇ ಕುಸಿದು ಬಿದ್ದಿರುವುದು ಎಂತಹ ವಿಪರ್ಯಾಸ! ಈ ಪ್ರಶ್ನೆಗೆ ಕೃತಿಯಿಂದ ಉತ್ತರವಿತ್ತ ಕನ್ನಡಿಗರಲ್ಲಿ ಅಗ್ರಗಣ್ಯರಾದವರು ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು.

ಸಿದ್ಧನಗೌಡರು ಗದಗ ಸೀಮೆಯವರು. ಸೇಡಂ, ಚಿತ್ತಾಪುರ, ಚಿಂಚೋಳಿಗಳ ವಾಚಕರಿಗೆ ಆ ಸೀಮೆ ದೂರವೆನಿಸಬಹುದು. ಆದರೆ ನೆಲದ ಗುಣವನ್ನು ನೋಡಿದರೆ ಅದೂ ಕರಿಮಣ್ಣಿನ ಸೀಮೆಯೇ. ಇಲ್ಲಿ ಜೋಳ ತೊಗರಿಗಳಾದರೆ ಅಲ್ಲಿ ಜೋಳ ಹತ್ತಿಗಳು. ಮಳೆಯನ್ನು ನಂಬಿ ಬಾಳುವ ಬಾಳು ಎರಡು ಕಡೆಯೂ ಒಂದೇ. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಉಗಿಬಂಡಿ ಓಡತೊಡಗಿತು. ಹತ್ತು ವರುಷಗಳ ತರುವಾಯ, ೧೮೮೪ರ ಸುಮಾರಿಗೆ, ಗದಗಿಗೂ ಬಂದಿತು. ಎರಡು ಸೀಮೆಗಳಲ್ಲಿಯೂ ರೈತನ ಬೆಳೆಗೆ ದೂರದ ಪೇಟೆಯ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಒಳಬಂದ ಲಾಭವು ಯಾರ ಮನೆಗೆ ಹೋಯಿತೆಂಬುದೇ ನಾವು ವಿಚಾರಿಸಬೇಕಾದ ವಿಷಯ.

ಸಿದ್ಧನಗೌಡರು ಜನಿಸಿದುದು ೧೮೪೩ರಲ್ಲಿ. ಪಾಟೀಲರೆಂಬ ಅಡ್ಡಹೆಸರೇ ತಿಳಿಸುವಂತೆ ಅದು ಗೌಡಿಕೆಯ ಮನೆತನ. ಅಂದು ಗದಗ ತಾಲೂಕು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಹಳ್ಳಿಯಲ್ಲಿ ಗೌಡನೆಂದರೆ ಕಂದಾಯಕ್ಕೂ ಆತನೇ, ನ್ಯಾಯಕ್ಕೂ ಆತನೇ, ಕಷ್ಟಸುಖಕ್ಕೂ ಆತನೇ. ಯಾರ ಹೊಲ ಬೀಳುಬಿದ್ದಿದೆ, ಯಾರ ಎತ್ತು ಸತ್ತಿದೆ, ಯಾರ ಪತ್ರ ಯಾವ ಸಾವಕಾರನ ಪೆಟ್ಟಿಗೆಯಲ್ಲಿದೆ ಎಂಬುದು ಅಂತಹ ಮನೆತನದವರಿಗೆ ಅಂಗೈಯ ಗೆರೆಯಂತೆ ತಿಳಿದಿರುತ್ತದೆ.

ಅವರ ಬಾಳಿನ ನಡುಹಗಲು ಬರಗಾಲಗಳ ಕಾಲವಾಗಿತ್ತು. ೧೮೭೬ರಿಂದ ೧೮೭೮ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರವು ಕನ್ನಡ ನಾಡನ್ನು ಸುಟ್ಟಾಗ ಅವರಿಗೆ ಮೂವತ್ತಮೂರರ ಪ್ರಾಯ. ೧೮೯೬-೯೭ರಲ್ಲಿ ಮತ್ತೊಂದು ಬರ; ಅದರ ಗಾಯ ಮಾಯುವ ಮುನ್ನವೇ ೧೮೯೯-೧೯೦೦ರಲ್ಲಿ ಇನ್ನೊಂದು. ಬರವು ಮಳೆಯೊಡನೆ ಮುಗಿದುಹೋಗುವ ಸಂಕಟವಲ್ಲ. ದನಕರುಗಳು ಹೋದ ರೈತನು ಮುಂದಿನ ಮುಂಗಾರಿಗೆ ಬೀಜಕ್ಕೂ ಎತ್ತಿಗೂ ಸಾಲವನ್ನೆತ್ತಲೇಬೇಕು. ಆ ಸಾಲದಲ್ಲಿ ಬರವು ಇನ್ನೂ ಹಲವು ವರುಷ ಬದುಕಿರುತ್ತದೆ.

ಲೆಕ್ಕವನ್ನು ಮಾಡಿಯೇ ನೋಡೋಣ. ರೈತನು ನೂರು ರೂಪಾಯಿ ತಂದನೆನ್ನಿರಿ. ಬಡ್ಡಿ ವರುಷಕ್ಕೆ ನೂರಕ್ಕೆ ೨೪ ಎಂದಿಟ್ಟುಕೊಳ್ಳಿರಿ. ಮೂರು ವರುಷ ಮಳೆ ಕೈಕೊಟ್ಟರೆ ಚಕ್ರಬಡ್ಡಿಯಿಂದ ಆ ಸಾಲ ೧೯೦ ರೂಪಾಯಿಗಳನ್ನು ದಾಟುತ್ತದೆ. ಅದೇ ಬಡ್ಡಿ ೯ ಆಗಿದ್ದರೆ ೧೩೦ ರೂಪಾಯಿಗಳನ್ನು ಮುಟ್ಟುವುದಿಲ್ಲ. ಹೊಲವೂ ಅದೇ, ದುಡಿಮೆಯೂ ಅದೇ, ಮಳೆಯೂ ಅದೇ. ಒಬ್ಬನ ಹೊಲ ಉಳಿಯಿತು, ಇನ್ನೊಬ್ಬನದು ಹೋಯಿತು. ಸಾಲ ಕೊಟ್ಟವನೇ ಬೆಳೆ ಕೊಳ್ಳುವವನೂ ಆಗಿದ್ದರಂತೂ ದರವನ್ನು ಹೇಳುವ ಬಾಯಿ ಅವನದು, ಕೇಳುವ ಕಿವಿ ರೈತನದು. ಹೀಗೆ ಉಗಿಬಂಡಿಯು ತಂದ ಪೇಟೆಯ ಲಾಭವು ಹೊಲದ ಬದುವಿನವರೆಗೆ ಬರುವ ಮೊದಲೇ ನಡುದಾರಿಯಲ್ಲಿ ಬತ್ತಿಹೋಗುತ್ತಿತ್ತು.

ಇದಕ್ಕೆ ಪರಿಹಾರವೇನು? ೧೮೭೫ರಲ್ಲಿ ಪುಣೆಯ ಹತ್ತಿರದ ಸೂಪೆಯಲ್ಲಿ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಆ ಕಿಚ್ಚು ದಖ್ಖಣದ ಅನೇಕ ಹಳ್ಳಿಗಳಿಗೆ ಹಬ್ಬಿತು. ಸರಕಾರವು ೧೮೭೯ರಲ್ಲಿ ದಖ್ಖಣದ ರೈತರ ಪರಿಹಾರಕ್ಕೆಂದು ಕಾನೂನನ್ನು ಮಾಡಿತು. ಪತ್ರ ಸುಟ್ಟರೂ ಸಾಲದ ಅಗತ್ಯ ಸುಡಲಿಲ್ಲ. ಕಾನೂನು ಸಾವಕಾರನ ಕೈಯನ್ನು ಕೊಂಚ ಹಿಡಿಯಿತೇ ಹೊರತು ಬಿತ್ತನೆಯ ದಿನ ರೈತನ ಕೈಗೆ ಹಣವನ್ನಿಡಲಿಲ್ಲ. ಸಾವಕಾರನನ್ನು ಬೈಯುವುದು ಸುಲಭ. ಅವನು ಮಾಡುತ್ತಿದ್ದ ಕೆಲಸವನ್ನು ನ್ಯಾಯವಾದ ಬೆಲೆಗೆ ಮಾಡುವವರು ಯಾರು?

ಇಂತಹುದೇ ಕಷ್ಟವನ್ನು ಜರ್ಮನಿಯ ಬಡರೈತರೂ ಕಂಡಿದ್ದರು. ಅಲ್ಲಿನ ರೈಫೈಸೆನ್ ಎಂಬ ಗ್ರಾಮಾಧಿಕಾರಿಯು ೧೮೪೬-೪೭ರ ಹಸಿವಿನ ಚಳಿಗಾಲದಲ್ಲಿ ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿಯನ್ನು ಒದಗಿಸಿದನು. ಕೆಲವು ವರುಷಗಳ ಅನುಭವದಿಂದ ಅವನಿಗೆ ತಿಳಿದುದು ಇಷ್ಟು: ಉಳ್ಳವರ ಉತ್ಸಾಹ ಬತ್ತಿದೊಡನೆ ಧರ್ಮದ ಹಣವೂ ಬತ್ತುತ್ತದೆ, ಸಾಲ ಬೇಕಾದವರೇ ಕೂಡಿ, ಒಬ್ಬರಿಗೊಬ್ಬರು ಹೊಣೆಯಾಗಿ, ತಮ್ಮದೇ ಭಂಡಾರವನ್ನು ನಡೆಸಿದರೆ ಅದು ಬತ್ತದು. ೧೮೬೪ರಲ್ಲಿ ಅವನು ಅಂತಹ ಸಾಲದ ಸಂಘವನ್ನು ಕಟ್ಟಿದನು. ಮದ್ರಾಸಿನ ಅಧಿಕಾರಿ ನಿಕಲ್ಸನ್ ಎಂಬವರು ೧೮೯೫ ಮತ್ತು ೧೮೯೭ರ ತಮ್ಮ ವರದಿಗಳಲ್ಲಿ ಇದೇ ಮಾರ್ಗವನ್ನು ಭಾರತಕ್ಕೆ ಸೂಚಿಸಿದರು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಜಾರಿಗೆ ಬಂದಿತು.

ಕಾನೂನು ಕಾಗದದ ಮೇಲಿತ್ತು. ಅದನ್ನು ಹಳ್ಳಿಯ ಚಾವಡಿಗೆ ತರುವವರು ಬೇಕಾಗಿತ್ತು. ಸಿದ್ಧನಗೌಡರಿಗೆ ಆಗ ಅರವತ್ತೆರಡರ ಪ್ರಾಯ. ಮನೆವಾರ್ತೆಯನ್ನು ಮಕ್ಕಳಿಗೊಪ್ಪಿಸಿ ವಿಶ್ರಮಿಸುವ ವಯಸ್ಸಿನಲ್ಲಿ ಅವರು ಯಾರೂ ತುಳಿಯದ ಹಾದಿಗೆ ಹೆಜ್ಜೆಯನ್ನಿಟ್ಟರು. ೧೯೦೫ನೆಯ ಇಸವಿ ಮೇ ತಿಂಗಳ ೮ರಂದು ಕಣಗಿನಹಾಳದ ಕೃಷಿ ಪತ್ತಿನ ಸಹಕಾರಿ ಸಂಘವು ನೋಂದಣಿಯಾಯಿತು. ಸಿದ್ಧನಗೌಡರೇ ಅದರ ಮೊದಲ ಅಧ್ಯಕ್ಷರಾದರು. ಆರಂಭದ ಬಂಡವಾಳ ೨,೦೦೦ ರೂಪಾಯಿ. ಕನ್ನಡ ನಾಡಿನಲ್ಲಿ ಇದು ಮೊದಲನೆಯದು. ಇಡೀ ದೇಶದಲ್ಲಿಯೂ ಮೊಟ್ಟಮೊದಲ ಸಂಘಗಳ ಸಾಲಿಗೆ ಸೇರಿದುದು. ಪೇಟೆಯ ಒಬ್ಬ ಸಾವಕಾರನ ಪೆಟ್ಟಿಗೆಯ ಮುಂದೆ ಆ ಮೊತ್ತ ಅಲ್ಪವೆನಿಸೀತು. ಆದರೆ ಆ ಹಣಕ್ಕೆ ಸಾಲ ಪಡೆಯುವವರೇ ಒಡೆಯರಾಗಿದ್ದರು.

ಈ ಸಂಘದ ಅಂತರಂಗವನ್ನು ಬಿಡಿಸಿ ನೋಡಿದರೆ ಸಿದ್ಧನಗೌಡರ ಸಾಹಸ ತಿಳಿಯುತ್ತದೆ. ೧೯೦೪ರ ಕಾನೂನಿನಂತೆ ಹತ್ತು ಮಂದಿ ಕೂಡಿದರೆ ಸಂಘವಾಗಬಹುದು. ಗ್ರಾಮ ಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಒಕ್ಕಲಿಗರೇ ಆಗಿರಬೇಕು. ಬಂದ ಲಾಭವನ್ನು ಹಂಚಿಕೊಳ್ಳದೆ ಕಾಪುನಿಧಿಗೆ ಸೇರಿಸಬೇಕು. ಎಲ್ಲಕ್ಕಿಂತ ಗುರುತರವಾದುದು ಹೊಣೆಯ ನಿಯಮ. ಸಂಘದ ಸಾಲ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತಾನು ಹಾಕಿದ ಹಣಕ್ಕೆ ಮಾತ್ರವಲ್ಲ, ತನ್ನ ಸರ್ವಸ್ವಕ್ಕೂ ಹೊಣೆ. ಇದು ಗ್ರಾಮ ಸಂಘಗಳಿಗೆ ಸಾಮಾನ್ಯ ನಿಯಮವಾಗಿತ್ತು. ಇಂತಹ ಒಡಂಬಡಿಕೆಯಲ್ಲಿ ಬಡವನಿಗೆ ಕಳೆದುಕೊಳ್ಳಲು ಇರುವುದು ಸ್ವಲ್ಪ. ಹೊಲ ಮನೆಯುಳ್ಳವನಿಗೆ ಇರುವುದು ಬಹಳ. ಉಳ್ಳವನು ನೆರೆಯವನ ಪ್ರಾಮಾಣಿಕತೆಯ ಮೇಲೆ ತನ್ನ ಆಸ್ತಿಯನ್ನು ಪಣವಿಟ್ಟಂತೆ. ಭಿಕ್ಷೆ ನೀಡುವವನು ಒಂದು ಹಿಡಿ ಕೊಟ್ಟು ಮರೆಯಬಹುದು. ಹೊಣೆ ಹೊತ್ತವನಿಗೆ ಮರೆಯುವ ಹಕ್ಕಿಲ್ಲ.

ಈ ಹೊಣೆಯಿಂದಲೇ ಸಂಘಕ್ಕೆ ಕಣ್ಣು ಬರುತ್ತದೆ. ಸಾಲ ಕೇಳುವವನು ಬೀಜಕ್ಕೆ ಕೇಳುತ್ತಾನೋ ದುಂದಿಗೆ ಕೇಳುತ್ತಾನೋ ಎಂಬುದನ್ನು ಪಟ್ಟಣದ ಬ್ಯಾಂಕು ಅರಿಯದು, ನೆರೆಹೊರೆಯವರು ಅರಿಯುವರು. ಕಂತು ತಪ್ಪಿದರೆ ಅದು ಮಳೆಯ ತಪ್ಪೋ ಮನುಷ್ಯನ ತಪ್ಪೋ ಎಂಬುದೂ ಅವರಿಗೆ ಗೊತ್ತು. ಹೀಗೆ ನಡತೆಯೇ ಅಡವು, ಮಾತೇ ಜಾಮೀನು ಆಗುತ್ತದೆ. ಅಡವಿಡಲು ಬಂಗಾರವಿಲ್ಲದವನೂ ಸಾಚಾ ದುಡಿಮೆಗಾರನಾಗಿದ್ದರೆ ಪತ್ತು ಪಡೆಯಬಲ್ಲನು.

ಶರಣರ ತತ್ತ್ವವನ್ನು ಬಲ್ಲವರಿಗೆ ಇದು ಹೊಸತೆನಿಸದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರಹೇಳಿದ ಕಥೆ ಮನೆಮಾತು. ಬೇಕಾದುದಕ್ಕಿಂತ ಹೆಚ್ಚು ತಂದರೆ ಕಾಯಕ ಕೆಡುತ್ತದೆಂಬುದು ಆ ತಾಯಿಯ ಎಣಿಕೆ. ಸಾಲದ ವಿಷಯದಲ್ಲಿಯೂ ಅಳತೆ ಇದೇ. ದುಡಿಮೆಗೆ ಬೇಕಾದಷ್ಟು ಸಾಲ ದುಡಿಮೆಯನ್ನು ಬೆಳೆಸುತ್ತದೆ. ಅದನ್ನು ಮೀರಿದುದು ದುಡಿಮೆಯನ್ನೇ ನುಂಗುತ್ತದೆ. ಉಳಿದ ಲಾಭವನ್ನು ಒಬ್ಬನ ಮನೆಗೊಯ್ಯದೆ ಎಲ್ಲರ ನಿಧಿಗೆ ಸೇರಿಸುವುದು ದಾಸೋಹದ ಮನೋಧರ್ಮಕ್ಕೆ ಹತ್ತಿರವಾದುದು. ವ್ಯಾಪಾರವು ಧರ್ಮಕ್ಕೆ ವಿರೋಧಿಯಲ್ಲ. ಕೀರ್ದಿಯಲ್ಲಿ ಸತ್ಯವಿದ್ದರೆ ಅದೂ ಒಂದು ಕಾಯಕವೇ.

ಕಣಗಿನಹಾಳದ ದೀಪದಿಂದ ನೆರೆಯ ದೀಪಗಳು ಹೊತ್ತಿದವು. ೧೯೧೨ರಲ್ಲಿ ಹೊಸ ಕಾನೂನು ಬಂದು, ಸಾಲವಲ್ಲದೆ ಮಾರಾಟ, ಖರೀದಿ ಮೊದಲಾದ ಉದ್ಯೋಗಗಳಿಗೂ ಸಹಕಾರಿ ಸಂಘಗಳನ್ನು ಕಟ್ಟುವ ದಾರಿಯಾಯಿತು. ೧೯೧೭ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘ ಹುಟ್ಟಿತು. ಸಾಲದಿಂದ ಆರಂಭವಾದ ವಿಚಾರವು ಬೆಳೆಯ ಬೆಲೆಯವರೆಗೆ ಮುಟ್ಟಿತು. ಮುಂದೆ ಅದೇ ಸೀಮೆಯ ಹುಲಕೋಟಿಯು ಸಹಕಾರಿ ಉದ್ಯಮಗಳಿಗೆ ಹೆಸರಾಯಿತು. ಸಿದ್ಧನಗೌಡರು ದೀರ್ಘಾಯುಗಳಾಗಿ ಈ ಬೆಳವಣಿಗೆಯ ಬಹುಭಾಗವನ್ನು ಕಂಡು, ೧೯೩೩ರಲ್ಲಿ, ತೊಂಬತ್ತರ ಪ್ರಾಯದಲ್ಲಿ, ಲಿಂಗೈಕ್ಯರಾದರು. ಕನ್ನಡಿಗರು ಅವರನ್ನು ಸಹಕಾರ ಚಳವಳಿಯ ಪಿತಾಮಹರೆಂದು ಸ್ಮರಿಸುತ್ತಾರೆ.

ಪಿತಾಮಹರನ್ನು ಸ್ಮರಿಸುವಾಗ ಅವರ ಕಾರ್ಯದ ಎಲ್ಲೆಯನ್ನೂ ಕಾಣುವುದು ಶ್ರೇಯಸ್ಕರ. ೧೯೫೧-೫೨ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯು ೧೯೫೪ರಲ್ಲಿ ವರದಿಯನ್ನಿತ್ತಿತು. ಕಾನೂನು ಬಂದು ಅರ್ಧ ಶತಮಾನ ಕಳೆದಿದ್ದರೂ, ರೈತರು ಎತ್ತಿದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ಸುಮಾರು ೩ ಮಾತ್ರವೆಂದೂ, ಸಾವಕಾರರ ಪಾಲು ಸುಮಾರು ೭೦ ಎಂದೂ ಅದರಿಂದ ತಿಳಿದುಬಂದಿತು. ಇದೇಕೆ ಹೀಗೆ? ಬೋರ್ಡು ತೂಗುಹಾಕಿದ ಮಾತ್ರಕ್ಕೆ ಸಂಘವಾಗದು. ಸದಸ್ಯರು ಹೊಣೆಯನ್ನು ಮರೆತು ಸಂಘವನ್ನು ಸರಕಾರದ ಹಣ ಹಂಚುವ ಕಟ್ಟೆಯೆಂದು ಭಾವಿಸಿದಲ್ಲಿ, ಉಳ್ಳವರು ಹೊಣೆ ಹೊರುವ ಬದಲು ಪಾಲು ಕೀಳಲು ಮುಂದಾದಲ್ಲಿ, ಸಂಘದ ಪ್ರಾಣ ಹೋಗುತ್ತದೆ. ಇನ್ನೊಂದು ಕೊರತೆಯೂ ಉಂಟು. ಹೊಲವುಳ್ಳ ರೈತನಿಗೆ ಸಂಘದ ಬಾಗಿಲು ತೆರೆದಷ್ಟು ಸಲೀಸಾಗಿ ಕೂಲಿಕಾರನಿಗೂ ಹೆಣ್ಣುಮಕ್ಕಳಿಗೂ ತೆರೆಯಲಿಲ್ಲ. ೧೯೯೨ರ ತರುವಾಯ ಮಹಿಳೆಯರ ಸ್ವಸಹಾಯ ಗುಂಪುಗಳಿಗೆ ಬ್ಯಾಂಕುಗಳು ಸಾಲ ಕೊಡತೊಡಗಿದ ಮೇಲೆ ಆ ಕೊರತೆ ಕೊಂಚ ನೀಗಿತು. ಹತ್ತಾರು ಮಂದಿ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕುಳಿತು ಉಳಿತಾಯವನ್ನೆಣಿಸಿ, ಒಬ್ಬಳ ಸಾಲಕ್ಕೆ ಎಲ್ಲರೂ ಹೊಣೆಯಾಗುವಾಗ ಕಣಗಿನಹಾಳದ ತತ್ತ್ವವೇ ಅಲ್ಲಿ ಮತ್ತೆ ಉಸಿರಾಡುತ್ತದೆ.

ನಮ್ಮ ಕಲಬುರಗಿ ಸೀಮೆಗೆ ಈ ಚರಿತ್ರೆಯಿಂದ ಕಲಿಯಬೇಕಾದುದು ಬಹಳವಿದೆ. ಅಂದು ಇದು ನಿಜಾಮ ಸಂಸ್ಥಾನದ ಭಾಗವಾಗಿತ್ತು. ಇಲ್ಲಿ ಸಹಕಾರದ ಕಾನೂನು ಬಂದುದು ೧೯೧೪ರಲ್ಲಿ, ಗದಗ ಸೀಮೆಗಿಂತ ಹತ್ತು ವರುಷ ತಡವಾಗಿ. ನಮ್ಮ ನೆಲದಲ್ಲಿ ಸಂಪತ್ತಿಗೆ ಕೊರತೆಯಿಲ್ಲ. ಶಹಾಬಾದಿನ ಹಾಸುಗಲ್ಲು ದೂರದೂರದ ಮನೆಗಳ ನೆಲವಾಗಿದೆ. ವಾಡಿ ಸೇಡಂಗಳ ಸುಣ್ಣಕಲ್ಲು ಸಿಮೆಂಟಾಗಿ ಊರೂರಿನ ಕಟ್ಟಡಗಳನ್ನು ನಿಲ್ಲಿಸಿದೆ. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಕಲ್ಲನ್ನು ಸೀಳುವ ಕೈಗೆ ಕಲ್ಲಿನ ಬೆಲೆಯಲ್ಲಿ ಎಷ್ಟು ಪಾಲು? ತೊಗರಿಯನ್ನು ಬಿತ್ತಿದವನಿಗೆ ಬೇಳೆಯ ದರದಲ್ಲಿ ಎಷ್ಟು ಪಾಲು? ರಾಶಿಯಾದ ದಿನವೇ ಸಾಲಕ್ಕಂಜಿ ಕಣದಿಂದ ನೇರವಾಗಿ ಅಡತಿಗೆ ಸಾಗಿಸುವವನು ದರ ಏರುವ ತಿಂಗಳವರೆಗೆ ಕಾಯಲಾರನು. ಕಾಯುವ ಶಕ್ತಿಯನ್ನು ಒಬ್ಬನೇ ಪಡೆಯುವುದು ಕಷ್ಟ. ಹತ್ತು ಮಂದಿ ಕೂಡಿ ಉಗ್ರಾಣವನ್ನೂ ಪತ್ತನ್ನೂ ತಮ್ಮದಾಗಿಸಿಕೊಂಡರೆ ಅದು ಸಾಧ್ಯ.

ಆದುದರಿಂದ ಬಡವನ ಮೇಲೆ ಕರುಣೆಯುಳ್ಳವರು ಕರುಣೆಯಲ್ಲಿಯೇ ನಿಲ್ಲಬಾರದು. ದುಡಿಯುವವನಿಗೆ ಬೇಕಾದುದು ಸಕಾಲದ ಬಂಡವಾಳ, ನ್ಯಾಯದ ಬಡ್ಡಿ, ಸತ್ಯವಾದ ತೂಕ, ಒಡೆತನದಲ್ಲಿ ಪಾಲು. ಇವನ್ನು ಒದಗಿಸುವ ಉದ್ಯಮವನ್ನು ಕಟ್ಟಿ, ಅದರ ನಷ್ಟಕ್ಕೂ ಹೆಗಲು ಕೊಡುವವನೇ ಬಡವನ ನಿಜವಾದ ಬಂಧು. ಅರವತ್ತೆರಡರ ಪ್ರಾಯದಲ್ಲಿ ಒಂದು ಚಿಕ್ಕ ಹಳ್ಳಿಯ ಗೌಡರು ಎರಡು ಸಾವಿರ ರೂಪಾಯಿಗಳಿಂದ ಆ ಕಾರ್ಯವನ್ನು ಆರಂಭಿಸಿದರು. ಪ್ರತಿಯೊಂದು ಗ್ರಾಮದಲ್ಲಿಯೂ ಹೊಣೆ ಹೊರಬಲ್ಲ ಹತ್ತು ಮಂದಿ ಇದ್ದೇ ಇರುವರು. ಅವರು ಒಂದೆಡೆ ಕುಳಿತು ಕೀರ್ದಿಯ ಮೊದಲ ಪುಟವನ್ನು ತೆರೆಯುವ ದಿನವೇ ಸಿದ್ಧನಗೌಡರಿಗೆ ಸಲ್ಲುವ ನಿಜವಾದ ಪುಣ್ಯಸ್ಮರಣೆ.